ಜೂನ್ ಮೂವತ್ತೊಂದು

ಜೂನ್ 25, ಬುಧವಾರ

ಮಣ್ಣೆತ್ತಿನ ಅಮಾವಾಸ್ಯೆ. ಅನ್ನಪೂರ್ಣಾ ಕೆರೆಯ ಮಣ್ಣು ತರಿಸಿ ಎರಡು ಎತ್ತು ಮಾಡಿದಳು. ಒಂದಕ್ಕೆ ಕೋಡು ನಿಲ್ಲಲೇ ಇಲ್ಲ. ಬೋಳೆತ್ತಿಗೇ ಪೂಜೆ ಮಾಡಿದೆವು. ಕಡಬು ಏಳು ತಿಂದೆ, ಎಂಟನೆಯದನ್ನು ಹೆಂಡತಿಯ ಮುಖ ನೋಡಿ ಬಿಟ್ಟೆ.

ಹಬ್ಬವಿದ್ದರೂ ನನಗೆ ರಜೆಯಿಲ್ಲ. ಬೆಳಿಗ್ಗೆ ಐದೂ ಮುಕ್ಕಾಲಿಗೆ ನೀರು ಬಿಟ್ಟೆ. ಮೌನೇಶ ಎನ್ನುವ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಇದೆ, ಊರಿಗೆಲ್ಲ ನಾನು ‘ನೀರ ಬಿಡಾಂವ’. ಪಂಚಾಯ್ತಿಯ ವಾಟರ್‌ಮನ್ ಆಗಿ ಹನ್ನೊಂದು ವರ್ಷವಾಯಿತು.

ಮಧ್ಯಾಹ್ನ ಕ್ಲೋರಿನ್ ರಜಿಸ್ಟರ್ ಹಿಡಿದು ಕೂತೆ. ಕ್ರಮವೇನೆಂದರೆ, ದಿನಾ ನಳದ ನೀರನ್ನು ಗಾಜಿನ ನಳಿಕೆಗೆ ಹಿಡಿದು, ಔಷಧದ ಹನಿ ಹಾಕಿ, ಎಷ್ಟು ಹಳದಿಯಾಯಿತು ಎಂದು ಬಣ್ಣದ ಪಟ್ಟಿಗೆ ಹೋಲಿಸಿ ಬರೆಯಬೇಕು. ಪಾಯಿಂಟ್ ಎರಡು ಬಂದರೆ ನೀರು ಚೊಕ್ಕ. ಔಷಧದ ಬಾಟಲಿ ಯುಗಾದಿಗೇ ಖಾಲಿಯಾಗಿದೆ. ಕೇಳಿದಾಗ ಪಿಡಿಓ ಸಾಗರ ಸಾಹೇಬರು, “ಬರ್ತೈತಿ, ಅಲ್ಲೀತನಕ ಬರಕೋತ ಇರು” ಅಂದಿದ್ದರು. ಬರೆಯುವುದು ನನಗೆ ನೀರು ಕುಡಿದಷ್ಟು ಸುಲಭ. ಅಪ್ಪ ದಾಂಡೇಲಿಯ ಮಿಲ್ಲಿನಲ್ಲಿದ್ದಾಗ ತರುತ್ತಿದ್ದ ತುಂಡು ಕಾಗದಗಳ ಮೇಲೆ ಅಕ್ಷರ ತಿದ್ದಿದವನು ನಾನು. ತಿಂಗಳಲ್ಲಿ ಉಳಿದಿದ್ದ ಸಾಲುಗಳನ್ನೆಲ್ಲ ಒಂದೇ ಪೆನ್ನಿನಲ್ಲಿ ತುಂಬಿ ಮುಗಿಸಿದೆ. ಅಚ್ಚಿನ ಪುಟ ಅರ್ಧ ಖಾಲಿ ಬಿಟ್ಟರೆ ಚೆಂದ ಕಾಣುವುದಿಲ್ಲ. ಕೊನೆಯ ಗೆರೆಯವರೆಗೂ 0.2, 0.2. ನೋಡಿ ನನಗೇ ಖುಷಿಯಾಯಿತು.

ಜೂನ್ 28, ಶನಿವಾರ

ಗುರುವಾರ ಹೋದ ಕರೆಂಟು ಇನ್ನೂ ಬಂದಿಲ್ಲ. ದಾಂಡೇಲಿ ರಸ್ತೆಯಲ್ಲಿ ತಂತಿಯ ಮೇಲೆ ಸಾಗವಾನಿ ಬಿದ್ದಿದೆಯಂತೆ. ಟಾಕಿ ಖಾಲಿ, ಎರಡು ದಿನದಿಂದ ನೀರು ಬಿಟ್ಟಿಲ್ಲ. ಮರ ಕಡಿದು ಹಾಕಿದವನು ನಾನೇ ಎಂಬಂತೆ ಹೆಂಗಸರು ನೋಡುತ್ತಾರೆ.

ಬಿಡುವಿತ್ತಲ್ಲ ಎಂದು ಕೆಳಗಿನ ಓಣಿಯ ಪೈಪು ನೋಡಿ ಬಂದೆ. ದೇವಿಬಾಯಿಯ ಮನೆ ಮುಂದೆ ಅದು ಗಟಾರದೊಳಗೇ ಹಾದುಹೋಗುತ್ತದೆ. ಹೋದ ತಿಂಗಳು ರಸ್ತೆ ಅಗೆಯುವಾಗ ಜೇಸಿಬಿ ತಾಗಿ ಸೀಳಿತ್ತು, ಸೈಕಲ್ ಟ್ಯೂಬಿನ ರಬ್ಬರು ಸುತ್ತಿ ಕಟ್ಟಿದ್ದೆ. ರಬ್ಬರು ಸಡಿಲಾಗಿದೆ, ಮೇಲೆ ಗಟಾರದ ನೀರು ನಿಂತಿದೆ. ಪೈಪು ತುಂಬಿದ್ದಾಗ ಒಳಗಿನದು ಹೊರಗೆ ಚಿಮ್ಮುತ್ತದೆ, ಬರಿದಾದಾಗ ಹೊರಗಿನದು ಒಳಗೆ ಹೋಗುತ್ತದೆ. ಇದನ್ನು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಮಳೆ ಸ್ವಲ್ಪ ಬಿಡಲಿ, ಆಮೇಲೆ ಮಾಡಿದರಾಯಿತು ಎಂದು ಬಂದೆ.

ಜೂನ್ 30, ಸೋಮವಾರ

ನಿನ್ನೆ ಬೆಳಿಗ್ಗೆ ಕರೆಂಟು ಬಂತು, ನೀರು ಬಿಟ್ಟೆ. ಬ್ಲೀಚಿಂಗ್ ಪುಡಿಯ ಚೀಲ ತೇವ ಹಿಡಿದು ಕಲ್ಲಾಗಿತ್ತು. ಒಂದು ಹೆಂಟೆ ಒಡೆದು ಟಾಕಿಗೆ ಹಾಕಿದೆ. ಮೂಗಿನ ಹತ್ತಿರ ಹಿಡಿದರೂ ವಾಸನೆ ಬರಲಿಲ್ಲ.

ನಿನ್ನೆಯೇ ದೇವಿಬಾಯಿಯ ಮನೆಯಲ್ಲಿ ಮೊಮ್ಮಗಳ ಕಿವಿ ಚುಚ್ಚುವ ಕಾರ್ಯ. ಆಕೆ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು. ನೂರು ಮಕ್ಕಳಿಗೆ ಬೇಯಿಸುವ ಕೈಗೆ ಕೆಳಗಿನ ಓಣಿಯ ಊಟ ಯಾವ ಲೆಕ್ಕ? ಗೋದಿ ಹುಗ್ಗಿ, ಅನ್ನ, ಸಾರು. ನನಗೆ ಕೂರಲು ಹೊತ್ತಿರಲಿಲ್ಲ. ಡಬ್ಬಿ ತುಂಬಿಸಿಕೊಂಡು ಬಂದೆ, ನಾನೂ ಅನ್ನಪೂರ್ಣಾನೂ ಮನೆಯಲ್ಲಿ ಕೂತು ತಿಂದೆವು. ನಮ್ಮದು ಮೇಲಿನ ಓಣಿ, ಪೈಪು ಬೇರೆ.

ಇವತ್ತು ಕೆಳಗಿನ ನಳದಲ್ಲಿ ಎಂದಿನಂತೆ ಯಲ್ಲವ್ವಾಯಿಯ ತಾಮ್ರದ ಕೊಡವೇ ಮೊದಲ ಪಾಳಿ. ಎಪ್ಪತ್ತೆರಡರ ಮುದುಕಿ, ಕೊಡದ ಮೇಲೆ ಗಂಡ ಕರಿಬಸಪ್ಪನ ಹೆಸರು ಕೊರೆಸಿಕೊಂಡಿದ್ದಾಳೆ. ನನ್ನನ್ನು ಹತ್ತಿರ ಕರೆದು ಪಿಸುಗುಟ್ಟಿದಳು.

“ಮೌನೇಶಾ, ನಮ್ಮ ಸೊಸಿ ತುಳಜಾಗ ಹೇಳಬ್ಯಾಡ ಮತ್ತ. ಆಕಿ ನಿನ್ನಿ ಕಾರ್ಯದಾಗಿಂದ ನನಗ ಹುಗ್ಗಿ ತಂದಿದ್ಲು. ಸಕ್ರಿ ಬ್ಯಾನಿ ಇದ್ದಾಕಿ ನಾ ಹೆಂಗ ತಿನ್ಲಿ? ಆಕಿ ಮನಸಿಗೆ ಬ್ಯಾಸರ ಆಕ್ಕೈತಂತ ಸುಮ್ಮನ ಇಸಗೊಂಡು ಎಮ್ಮಿ ಬಾಯಿಗೆ ಹಾಕಿದೆ. ಎಮ್ಮಿ ಇನ್ನೂ ನಾಲಿಗಿ ಚಪ್ಪರಸಾಕತ್ತೈತಿ.”

ಹಲ್ಲಿಲ್ಲದ ಬಾಯಿಂದ ಬಹಳ ಹೊತ್ತು ನಕ್ಕಳು. ಹೋಗುವಾಗ ದಿನವೂ ಹೇಳುವ ಮಾತು ಹೇಳಿದಳು: “ನೀರ ಬಿಟ್ಟಾವನ ಹೊಟ್ಟಿ ತಣ್ಣಗಿರ್ಲಿ.”

ಜುಲೈ 1, ಮಂಗಳವಾರ

ಕೆಳಗಿನ ಓಣಿಯಲ್ಲಿ ವಾಂತಿ ಭೇದಿ. ಬೆಳಿಗ್ಗೆ ನಾಲ್ಕು ಮಂದಿ, ಸಂಜೆಗೆ ಹದಿನೇಳು. ಯಲ್ಲವ್ವಾಯಿ ನಳದ ಕಟ್ಟೆಯ ಮೇಲೆಯೇ ಕುಸಿದಳಂತೆ. ಕೊಡ ಅಲ್ಲೇ ಉಳಿದಿದೆ.

ಜುಲೈ 2, ಬುಧವಾರ

ಯಲ್ಲವ್ವಾಯಿ ಹೋದಳು.

ಹಳಿಯಾಳದಿಂದ ಆಂಬುಲೆನ್ಸ್ ಬರುವಷ್ಟರಲ್ಲಿ ಮುಗಿದಿತ್ತು. ನಾನು ನೀರಿನ ವಾಲ್ ಬಂದ್ ಮಾಡಿ ಬರುತ್ತಿದ್ದೆ, ತುಳಜಾ ಬಾಗಿಲಿಂದ ಕೂಗಿದಳು. “ಅಣ್ಣಾ, ನೀರು ಬೇಡಾಕತ್ತಾಳ, ನನ್ನ ಕೈ ನಡಗತಾವು. ಬಾಯಾಗ ನೀ ನೀರ ಬಿಡು.”

ಚೊಂಬಿನಿಂದ ಬಿಟ್ಟೆ. ಎರಡು ಗುಟುಕು ಇಳಿಯಿತು. ಮೂರನೆಯದು ಕಟವಾಯಿಂದ ಹೊರಗೆ ಬಂತು.

ಚೊಂಬಿನ ನೀರು ಎಲ್ಲಿಯದು ಎಂದು ನಾನು ಕೇಳಲಿಲ್ಲ. ಎಲ್ಲಿಯದಾಗಿರಲು ಸಾಧ್ಯ?

ಜುಲೈ 4, ಶುಕ್ರವಾರ

ಮೊನ್ನೆ ಏನೇನಾಯಿತು ಎಂದು ಬರೆದಿಡುತ್ತೇನೆ. ಯಾರು ಓದಬೇಕಾಗಿದೆ?

ಹೆಣ ಇನ್ನೂ ಅಂಗಳದಲ್ಲಿತ್ತು. ಸಾಗರ ಸಾಹೇಬರು ಬೈಕಿನ ಮೇಲೆ ಬ್ಲೀಚಿಂಗ್ ಪುಡಿಯ ಹೊಸ ಚೀಲ ಇಟ್ಟುಕೊಂಡು ಬಂದರು. “ಹನ್ನೆರಡಕ್ಕ ನೀರಿನ ಸ್ಯಾಂಪಲ್ ತಗೊಳ್ಳಾಕ ಬರ್ತಾರ. ಅಷ್ಟರಾಗ ಎಲ್ಲಾ ಚೊಕ್ಕ ಆಗಿರಬೇಕು. ತಿಳೀತಿಲ್ಲ?” ಅಂದರು. ತಿಳಿಯಿತು. ಎರಡು ಪಟ್ಟು ಪುಡಿ ಟಾಕಿಗೆ ಹಾಕಿದೆ. ಕೆಳಗಿನ ಓಣಿಯ ಒಡಕು ಪೈಪು ಕತ್ತರಿಸಿ ಹೊಸ ತುಂಡು ಕೂರಿಸಿದೆ. ನಳ ಬಿಟ್ಟು ಹಳೆಯ ನೀರೆಲ್ಲ ಹರಿಸಿದೆ. ಅಗೆದ ಜಾಗಕ್ಕೆ ಮಣ್ಣು ಮುಚ್ಚಿ ಕಾಲಿನಿಂದ ತುಳಿದೆ. ತಿಂಗಳಿಂದ ಆಗದ ಕೆಲಸ ಒಂದೂವರೆ ತಾಸಿನಲ್ಲಿ ಆಯಿತು.

ಎದುರಿಗೆ ಯಲ್ಲವ್ವಾಯಿಯ ಮನೆಯಲ್ಲಿ ಅಳು ಕೇಳುತ್ತಿತ್ತು. ನಾನು ಕೈ ನಿಲ್ಲಿಸಲಿಲ್ಲ.

ಮಧ್ಯಾಹ್ನ ತಾಲೂಕಿನಿಂದ ವಿದ್ಯಾವತಿ ಮೇಡಂ ಬಂದು ಸೀಸೆಯಲ್ಲಿ ನೀರು ಹಿಡಿದರು, ರಜಿಸ್ಟರ್ ನೋಡಿದರು. “ಎಷ್ಟ್ ಚಲೋ ಇಟ್ಟೀರಿ. ಇಂಥಾ ಅಕ್ಷರ ನಾ ಎಲ್ಲೂ ನೋಡಿಲ್ಲ,” ಅಂದರು. ಜೂನ್ ಪುಟಕ್ಕೆ ಸಹಿ ಹಾಕಿ ಅದರ ಝೆರಾಕ್ಸ್ ತೆಗೆದುಕೊಂಡು ಹೋದರು.

ಜುಲೈ 9, ಬುಧವಾರ

ವರದಿ ಬಂತು: ಕುಡಿಯಲು ಯೋಗ್ಯ.

ನೀರು ಒಳ್ಳೆಯದೆಂದ ಮೇಲೆ ಉಳಿದದ್ದು ಊಟ. ಕಾಯಿಲೆ ಬಿದ್ದವರೆಲ್ಲ ಕೆಳಗಿನ ಓಣಿಯವರು, ಎಲ್ಲರೂ ದೇವಿಬಾಯಿಯ ಹುಗ್ಗಿ ಉಂಡವರು. ಯಲ್ಲವ್ವಾಯಿ ಕಾರ್ಯಕ್ಕೆ ಹೋಗಿರಲಿಲ್ಲವಲ್ಲ ಎಂದು ಯಾರೋ ಕೇಳಿದ್ದಕ್ಕೆ ತುಳಜಾ ಎದೆ ಬಡಿದುಕೊಂಡಳು: “ನಾನ ತಂದುಕೊಟ್ಟೆನಲ್ರೀ, ನನ್ನ ಕೈಯಾರೆ.”

ನಾನು ಅಲ್ಲೇ ನಿಂತಿದ್ದೆ. ಎಮ್ಮೆ ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಿತ್ತು.

ಶಾಲೆಯಲ್ಲಿ ಮಕ್ಕಳು ಬಿಸಿಯೂಟ ಮುಟ್ಟುತ್ತಿಲ್ಲ. 21ಕ್ಕೆ ಪಂಚಾಯ್ತಿಯಲ್ಲಿ ವಿಚಾರಣೆ. ಅಲ್ಲಿ ವರದಿಗೆ ಸಹಿಯಾದರೆ ದೇವಿಬಾಯಿಯ ಕೆಲಸ ಹೋಗುತ್ತದೆ. ಕೆಲಸದ ಮಾತು ಹಾಗಿರಲಿ, ಒಂದು ಸಾವು ಆಕೆಯ ಹೆಸರಿನಲ್ಲಿ ಉಳಿಯುತ್ತದೆ.

ಜುಲೈ 10, ಗುರುವಾರ

ಬೆಳಿಗ್ಗೆ ನಳದ ಹತ್ತಿರ ದೇವಿಬಾಯಿಯ ಹಸಿರು ಪ್ಲಾಸ್ಟಿಕ್ ಕೊಡವನ್ನು ತುಳಜಾ ಕಾಲಿನಿಂದ ಪಾಳಿಯ ಹೊರಗೆ ತಳ್ಳಿದಳು. “ಉಪ್ಪು ತಿಂದಾಕಿ ನೀರ ಕುಡೀಲೇಬೇಕು. ಆದ್ರ ನಮ್ಮ ನಳದಾಗಲ್ಲ.” ದೇವಿಬಾಯಿ ಕೊಡ ಎತ್ತಿಕೊಂಡು ಹಳ್ಳದ ಕಡೆ ಹೋದಳು.

ಹಳ್ಳದ ನೀರು ಕೆಂಪು ರಾಡಿಯಾಗಿದೆ. ಕೂಗಿ ಹೇಳಬೇಕೆಂದುಕೊಂಡೆ. ಏನೆಂದು ಹೇಳುವುದು?

ಜುಲೈ 12, ಶನಿವಾರ

ಯಲ್ಲವ್ವಾಯಿಯ ಕೊಡ ಆವತ್ತಿನಿಂದ ಕಟ್ಟೆಯ ಮೇಲೇ ಇತ್ತು, ಯಾರೂ ಮುಟ್ಟಿರಲಿಲ್ಲ. ಇವತ್ತು ವಾಲ್ ತಿರುಗಿಸಿ ಬಂದು ನೋಡಿದರೆ ಅದು ನಳದ ಕೆಳಗೆ ಮೊದಲ ಪಾಳಿಯಲ್ಲಿ ನಿಂತಿದೆ. ಹೆಂಗಸರು ದೂರ ಸರಿದು ನಿಂತಿದ್ದರು. ಕೊನೆಗೆ ತುಳಜಾ ಮುಂದೆ ಬಂದು, “ತಗೋ ಅತ್ತಿ, ನಿನ್ನ ಪಾಳಿ” ಎಂದು ತುಂಬಿ ಕಟ್ಟೆಯ ಮೇಲೆ ಇಟ್ಟಳು. ಆಮೇಲೆ ಉಳಿದವರು ಹಿಡಿದುಕೊಂಡರು.

ವಾಲ್ ಬಂದ್ ಮಾಡಲು ಎಂಟಕ್ಕೆ ಹೋದೆ. ಕೊಡ ಬರಿದಾಗಿತ್ತು. ಕಟ್ಟೆ ಒಣಗಿತ್ತು, ಚೆಲ್ಲಿದ ಗುರುತಿರಲಿಲ್ಲ.

ಜುಲೈ 14, ಸೋಮವಾರ

ಇವತ್ತೂ ಹಾಗೇ. ನಿನ್ನೆಯೂ. ತುಳಜಾ ತುಂಬಿಡುತ್ತಾಳೆ, ಎಂಟಕ್ಕೆ ಕೊಡ ಖಾಲಿ.

ಯಲ್ಲವ್ವನ ನೀರಡಿಕೆ ತೀರಿಲ್ಲ ಎಂದು ಓಣಿಯವರು ಹೇಳುತ್ತಾರೆ. ಮೂರನೆಯ ಗುಟುಕು ಒಳಗೆ ಇಳಿಯಲಿಲ್ಲ ಎನ್ನುವುದು ಅವರಿಗೆ ಗೊತ್ತಿಲ್ಲ. ನನಗೆ ಭಯವಾಗಿದೆ. ಬರೆದರೆ ಕಡಿಮೆಯಾಗಬಹುದು ಎಂದು ಬರೆದೆ, ಆಗಲಿಲ್ಲ.

ಜುಲೈ 15, ಮಂಗಳವಾರ

ವಿಚಾರಣೆಗೆ ರಜಿಸ್ಟರ್ ತರಬೇಕಂತೆ. ತೆಗೆದು ನೋಡುತ್ತ ಕೂತೆ. ಜೂನ್ ಪುಟದಲ್ಲಿ 27, 28 ಎರಡಕ್ಕೂ 0.2 ಇದೆ. ಆ ಎರಡು ದಿನ ಊರಿಗೆ ನೀರೇ ಇರಲಿಲ್ಲ. ಕೆಳಗೆ ಕಣ್ಣು ಹೋಯಿತು. 29ಕ್ಕೆ 0.2. 30ಕ್ಕೆ 0.2. ಅದರ ಕೆಳಗೆ 31. ಅದಕ್ಕೂ 0.2. ಪಕ್ಕದಲ್ಲಿ ನನ್ನ ಸಹಿ.

ಜೂನ್ ತಿಂಗಳಿಗೆ ಮೂವತ್ತೊಂದು ಇಲ್ಲ. ಪುಟದಲ್ಲಿ ಗೆರೆ ಇತ್ತು, ತುಂಬಿದೆ. ಕೆಳಗೆ ಸಾಗರ ಸಾಹೇಬರ ಸಹಿ, ವಿದ್ಯಾವತಿ ಮೇಡಂ ಸಹಿ, ಗುಂಡು ಮೊಹರು. ಮೂರು ಮಂದಿ ನೋಡಿದ್ದೇವೆ, ಯಾರೂ ಓದಿಲ್ಲ.

ಮೊದಲು ನಗು ಬಂತು. ನಿಜವಾಗಿ ನಕ್ಕೆ. ಅನ್ನಪೂರ್ಣಾ ಅಡುಗೆಮನೆಯಿಂದ ಇಣುಕಿ ನೋಡಿ ಸುಮ್ಮನೆ ಹೋದಳು. ಇಲ್ಲದ ದಿನದ ನೀರನ್ನೂ ನಾನು ಚೊಕ್ಕ ಎಂದು ಬರೆದಿದ್ದೇನೆ, ಆ ಕಾಗದವೇ ದೇವಿಬಾಯಿಯ ಮೇಲಿನ ಸಾಕ್ಷಿ.

ತಿದ್ದಲು ಬಿಳಿ ಬಣ್ಣದ ಸೀಸೆ ತೆಗೆದೆ. ಕೈ ಬರಲಿಲ್ಲ, ಮತ್ತೆ ಮುಚ್ಚಿಟ್ಟೆ. ಝೆರಾಕ್ಸ್ ಅವರ ಹತ್ತಿರ ಇದೆಯಲ್ಲ, ಅದಕ್ಕೇ ಇರಬೇಕು.

ಜುಲೈ 16, ಬುಧವಾರ

ಕನಸು. ನಳ ಬಿಟ್ಟಿದ್ದೇನೆ, ಊರಲ್ಲಿ ಒಂದು ನರಪಿಳ್ಳೆ ಇಲ್ಲ. ಯಲ್ಲವ್ವಾಯಿ ಒಬ್ಬಳೇ ಕೊಡ ಹಿಡಿದು ನಿಂತಿದ್ದಾಳೆ. ಇವತ್ತು ಎಷ್ಟನೇ ತಾರೀಖು ಎಂದು ನನ್ನನ್ನೇ ಕೇಳುತ್ತಾಳೆ.

ಜುಲೈ 17, ಗುರುವಾರ

ಬೆಳಿಗ್ಗೆ ಅನ್ನಪೂರ್ಣಾ ಚಹಾ ಕೊಟ್ಟು ಎದುರಿಗೇ ಕೂತಳು.

“ನೀವು ನೀರ ಕುಡಿಯೂದು ಬಿಟ್ಟು ಎಷ್ಟ ದಿನ ಆತು?”

ನಾನು ಹಾಗೇನಿಲ್ಲ ಎಂದೆ. ಆಮೇಲೆ ಯೋಚಿಸಿದರೆ ನೆನಪಾಗಲಿಲ್ಲ. ಚಹಾ ಕುಡಿಯುತ್ತೇನೆ, ಮಜ್ಜಿಗೆ ಕುಡಿಯುತ್ತೇನೆ. ಸೆಕೆಯಿಲ್ಲ, ಅದಕ್ಕೇ ಬಾಯಾರುವುದಿಲ್ಲ ಎಂದೆ.

“ಇನ್ನೊಂದ ಕೇಳ್ತೇನಿ. ದೇವಿಬಾಯಿ ಹುಗ್ಗಿ ನಾವೂ ತಿಂದೇವಲ್ಲ. ನಮಗ ಯಾಕ ಏನೂ ಆಗ್ಲಿಲ್ಲ?”

“ನಮ್ಮ ಹೊಟ್ಟಿ ಗಟ್ಟಿ.”

“ಹೊಟ್ಟಿ ಗಟ್ಟಿ ಐತಿ, ಖರೇ. ಹೆಂಡತಿಗೂ ಹೇಳದಂಗ ಎಲ್ಲಾ ಅದರಾಗ ಇಟ್ಟೀರಿ.”

ಎದ್ದು ಹೋದಳು. ಚಹಾ ಆರಿತ್ತು.

ಜುಲೈ 19, ಶನಿವಾರ

ಇವತ್ತಿನದನ್ನು ಸರಿಯಾಗಿ ಬರೆಯಬೇಕು.

ನೀರು ಬಿಟ್ಟು ಮೇಲಿನ ಓಣಿಗೆ ಹೋಗದೆ ಶಾಲೆಯ ಗೋಡೆಯ ಹಿಂದೆ ನಿಂತೆ. ದೆವ್ವವಾದರೆ ದೆವ್ವ, ಒಮ್ಮೆ ಕಣ್ಣಾರೆ ನೋಡಿಬಿಡೋಣ ಅನಿಸಿತ್ತು. ತುಳಜಾ ಬಂದು ಅತ್ತೆಯ ಕೊಡ ತುಂಬಿಟ್ಟಳು. ಪಾಳಿ ಮುಗಿಯುವಷ್ಟರಲ್ಲಿ ನಳದ ಧಾರೆ ನಿಂತಿತ್ತು, ಎಲ್ಲರೂ ಹೋದರು.

ಏಳೂವರೆಗೆ ದೇವಿಬಾಯಿ ಬಂದಳು. ಆಚೆ ಈಚೆ ನೋಡಿ ತಾಮ್ರದ ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡಳು. ಮನೆಯಲ್ಲಿ ಬಗ್ಗಿಸಿಕೊಂಡು ಬಂದು ಖಾಲಿ ಕೊಡವನ್ನು ಇದ್ದಲ್ಲೇ ಇಡುವಾಗ ನಾನು ಎದುರಿಗೆ ಹೋದೆ. ಆಕೆ ಬೆಚ್ಚಲಿಲ್ಲ.

“ಮೊಮ್ಮಗಳಿಗೆ ಹಳ್ಳದ ನೀರ ಹೆಂಗ ಕುಡಸ್ಲಿ, ಮೌನೇಶಣ್ಣ? ನನ್ನ ಕೊಡಾ ಇಟ್ರ ಒದೀತಾರ. ಸತ್ತಾಕಿ ಕೊಡಾ ಯಾರೂ ಒದಿಯಂಗಿಲ್ಲ, ಆಕಿ ಪಾಳಿ ಯಾರೂ ತಪ್ಪಸಂಗಿಲ್ಲ. ಅದಕ್ಕ ನಸಕಿನ್ಯಾಗ ಬಂದು ಈ ಕೊಡಾ ಮುಂದ ಇಟ್ಟು ಹೋಗ್ತೇನಿ.”

ನಾನು ಕೊಡದ ಮೇಲಿನ ಕರಿಬಸಪ್ಪನ ಹೆಸರು ನೋಡಿದೆ.

“ಯಲ್ಲವ್ವಾಯಿ ಏನೂ ಅನ್ನಂಗಿಲ್ಲ ಬಿಡು,” ಅಂದಳು. “ಬದುಕಿದ್ದಾಗೂ ನನಗ ಪಾಳಿ ಬಿಟ್ಟು ಕೊಡತಿದ್ಲು. ನನ್ನ ಕೈಯಾಗಿನ ಅಡಿಗಿಂದ ಆಕಿ ಸತ್ಲಂತ ನಾನೂ ನಂಬೇನಿ ಈಗ. ಎಲ್ಲಾರೂ ಅಂದಮ್ಯಾಲೆ ಖರೇನ ಇರಬೇಕು. ಬ್ಯಾಳಿ ಸರಿಯಾಗಿ ಬೇಯಲಿಲ್ಲೇನೋ, ಬೆಲ್ಲದಾಗ ಏನಾರ ಇತ್ತೇನೋ. ದಿನಾ ಅದನ್ನ ಎಣಸತೇನಿ.”

ಎಮ್ಮೆಯ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಆಕೆ ಕೊಡ ಬೋರಲು ಹಾಕಿ ಹೋದಳು.

ಥೂ ನನ್ನ ಜನ್ಮಕ್ಕೆ.

ಜುಲೈ 21, ಸೋಮವಾರ

ಪಂಚಾಯ್ತಿಯ ಸಭಾಗೃಹ. ಮೇಜಿನ ಹಿಂದೆ ವಿದ್ಯಾವತಿ ಮೇಡಂ, ಸಾಗರ ಸಾಹೇಬರು. ಬೆಂಚಿನ ಮೇಲೆ ಕೆಳಗಿನ ಓಣಿಯವರು. ಮೂಲೆಯಲ್ಲಿ ದೇವಿಬಾಯಿ ನಿಂತೇ ಇದ್ದಳು, ಪಕ್ಕದಲ್ಲಿ ಜಾಗವಿದ್ದರೂ ಯಾರೂ ಕೂರು ಅನ್ನಲಿಲ್ಲ. ಮೇಡಂ ಓದಿದರು: ನೀರಿನ ಮಾದರಿ ಯೋಗ್ಯ, ಕ್ಲೋರಿನ್ ದಾಖಲೆ ಸಮರ್ಪಕ, ಆದ್ದರಿಂದ ಆಹಾರವೇ ಕಾರಣ. ದೇವಿಬಾಯಿಗೆ ಸಹಿ ಮಾಡಲು ಹೇಳಿದರು. ಆಕೆ ಪೆನ್ನು ತೆಗೆದುಕೊಂಡಳು. ಬೇಡ ಅನ್ನುತ್ತಾಳೆಂದು ನಾನು ಕಾದಿದ್ದೆ, ಆಕೆ ಅನ್ನಲಿಲ್ಲ. ಎಲ್ಲಿ ಮಾಡಬೇಕು ಎಂದು ಕೇಳಿದಳು.

ಎದ್ದು ನಿಂತೆ. ಯಾವಾಗ ಎದ್ದೆನೋ ತಿಳಿಯದು.

“ಮೇಡಂ, ಜೂನ್ ಪುಟದ ಕಡೀ ಸಾಲು ಓದ್ರಿ.”

“ಕೂಡೋ ಮೌನೇಶ,” ಅಂದರು ಸಾಹೇಬರು.

ಮೇಡಂ ಬೆರಳಿಟ್ಟು ಓದಿದರು. “ಮೂವತ್ತೊಂದು. ಪಾಯಿಂಟ್ ಎರಡು.” ಬೆರಳು ಅಲ್ಲೇ ನಿಂತಿತು. “ಜೂನಿಗೆ ಮೂವತ್ತ ಅಲ್ಲೇನ್ರಿ?”

“ಹೌದರಿ. ಮೂವತ್ತೊಂದನೇ ತಾರೀಖಿನ ನೀರು ಹೆಂಗ ಪರೀಕ್ಷೆ ಮಾಡೇನೋ, ಉಳಿದ ಮೂವತ್ತು ದಿನಾನೂ ಹಂಗ ಮಾಡೇನ್ರಿ.”

ಒಮ್ಮೆ ಬಾಯಿ ಬಿಟ್ಟ ಮೇಲೆ ನಿಲ್ಲಲಿಲ್ಲ. ಖಾಲಿ ಬಾಟಲಿ, ಕಲ್ಲಾದ ಪುಡಿ, ಗಟಾರದ ಪೈಪು, ಸೈಕಲ್ ಟ್ಯೂಬು, ಸ್ಯಾಂಪಲ್‌ಗಿಂತ ಮೊದಲು ನಾನು ಮಾಡಿದ್ದು, ಮಾಡು ಎಂದವರು, ಎಲ್ಲ ಹೇಳಿದೆ. ಹುಗ್ಗಿ ನಾವೂ ತಿಂದದ್ದು ಹೇಳಿದೆ. ಕೊನೆಗೆ ಎಮ್ಮೆಯದು.

ತುಳಜಾ ಎದ್ದು ಬಂದಳು, ಹೊಡೆಯುತ್ತಾಳೆ ಎಂದುಕೊಂಡೆ. “ಅತ್ತಿ ನಾ ಕೊಟ್ಟದ್ದು ತಿಂದಿಲ್ಲಾ?” ಎಂದು ಕೇಳಿದಳು. ಇಲ್ಲ ಎಂದೆ. “ಖರೇ ಹೇಳು. ತಿಂದಿಲ್ಲಾ?” ಇಲ್ಲ, ನಿನಗೆ ಬೇಸರವಾಗಬಾರದೆಂದು ಎಮ್ಮೆಗೆ ಹಾಕಿದಳು ಎಂದೆ. ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಇಷ್ಟು ದಿನ ಆಕೆಯೂ ತನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದಳು ಎಂಬುದು ನನಗೆ ಹೊಳೆದಿರಲಿಲ್ಲ.

ದೇವಿಬಾಯಿ ಪೆನ್ನನ್ನು ಮೇಜಿನ ಮೇಲಿಟ್ಟಳು. ನನ್ನ ಪಕ್ಕದಿಂದ ಹಾದು ಹೋಗುವಾಗ ಹೇಳಿದಳು: “ಮೊನ್ನೆ ನಾ ಕೊಡಾ ಹಿಡಿದು ನಿಂತಾಗೂ ನಿನಗ ಗೊತ್ತಿತ್ತು.”

ನಾನು ಹೌದು ಎಂದೆ.

ಜುಲೈ 22, ಮಂಗಳವಾರ

ವಾಲ್ ಚಾವಿ ಒಪ್ಪಿಸಲು ನೋಟಿಸು ಬಂದಿದೆ. ಸಾಹೇಬರಿಗೂ ಬಂದಿದೆಯಂತೆ. ಮುಂದೆ ಏನೇನಿದೆಯೋ ಬರಲಿ.

ಕೊನೆಯ ಸಲ ನೀರು ಬಿಟ್ಟೆ. ಮೇಡಂ ಹೊಸ ಔಷಧದ ಬಾಟಲಿ ಕಳಿಸಿದ್ದರು. ಕೆಳಗಿನ ನಳದ ನೀರು ಹಿಡಿದು, ಹನಿ ಹಾಕಿ, ಹೆಂಗಸರ ಎದುರಿಗೇ ಎತ್ತಿ ತೋರಿಸಿದೆ. ತೆಳು ಹಳದಿ. ರಜಿಸ್ಟರಿನಲ್ಲಿ ಒಂದೇ ಸಾಲು ಬರೆದೆ. ಅಕ್ಷರ ಸೊಟ್ಟಗಾಯಿತು.

ತಾಮ್ರದ ಕೊಡ ಮೊದಲ ಪಾಳಿಯಲ್ಲಿ ಇರಲಿಲ್ಲ, ಕಟ್ಟೆಯ ಮೇಲೆ ಬೋರಲಾಗಿತ್ತು. ತುಳಜಾ ಅದನ್ನು ಸೆರಗಿನಿಂದ ಒರೆಸಿ ಮನೆಗೆ ಒಯ್ದಳು. ಹಸಿರು ಕೊಡ ಪಾಳಿಯ ಕೊನೆಯಲ್ಲಿತ್ತು. ಯಾರೂ ಒದೆಯಲಿಲ್ಲ, ಮುಂದೆ ಬಾ ಎಂದೂ ಯಾರೂ ಅನ್ನಲಿಲ್ಲ.

ಉಳಿದ ನೀರನ್ನು ಬೊಗಸೆಯಲ್ಲಿ ಹಿಡಿದು ಕುಡಿದೆ. ಬ್ಲೀಚಿಂಗ್ ವಾಸನೆ ಇತ್ತು. ಮೂರನೆಯ ಗುಟುಕು ಇಳಿಯಲು ಹೊತ್ತು ಹಿಡಿಯಿತು.

ಜೂನ್ ತಿಂಗಳ ಒಂದೊಂದು ದಿನದ ನಿಜವನ್ನೂ ಸ್ವಂತ ಕೈಯಲ್ಲಿ ಬರೆದು ಕೊಡಬೇಕೆಂದು ಮೇಡಂ ಹೇಳಿದ್ದಾರೆ. ಮಧ್ಯಾಹ್ನ ಕೂತು ಮೂವತ್ತನ್ನೂ ಬರೆದೆ. ಒಂದು ಉಳಿದಿದೆ. ಅದನ್ನು ಅವರು ಕೇಳಿಲ್ಲ, ಈ ಡೈರಿಯಲ್ಲಿ ಅದಕ್ಕೆ ಪುಟವೂ ಇಲ್ಲ. ಇಲ್ಲೇ ಬರೆಯುತ್ತೇನೆ.

ಜೂನ್ 31

ಔಷಧ ಇರಲಿಲ್ಲ. ಪರೀಕ್ಷೆ ಮಾಡಲಿಲ್ಲ. ಪೈಪು ಒಡೆದಿದ್ದು ಗೊತ್ತಿತ್ತು. ಐದೂ ಮುಕ್ಕಾಲಿಗೆ ನೀರು ಬಿಟ್ಟೆ.

ಯಲ್ಲವ್ವಾಯಿ ಮೊದಲ ಪಾಳಿ. ಕೊಡ ತುಂಬಿಕೊಂಡಳು. ನಿನ್ನ ಹೊಟ್ಟಿ ತಣ್ಣಗಿರ್ಲಿ ಅಂದಳು.